ಊರಂಚಿನ ಡೇರೆಯಲ್ಲಿ ವರ್ಷವಿಡೀ: ಹೇಳದೆ ಉಳಿದ ಕೆಲವು ಸಂಗತಿಗಳು

ಮಾನ್ಯ ಸಂಪಾದಕರೇ,

ಊರಿನ ಅಂಚಿನಲ್ಲಿ ಒಂದು ಡೇರೆ ಹಾಕಿಕೊಂಡು ವರ್ಷದ ಹನ್ನೆರಡು ತಿಂಗಳೂ ಅದರಲ್ಲೇ ಬದುಕಲು ಸಾಧ್ಯವೇ ಎಂದು ನನ್ನನ್ನು ಕೇಳುವವರು ಬಹಳ. ಬಾಡಿಗೆಯ ಹೊರೆಯಿಂದ ಬೇಸತ್ತವರು ಕೇಳುತ್ತಾರೆ. ಮನೆ ತುಂಬ ಸಾಮಾನು ಪೇರಿಸಿಕೊಂಡು ಅದನ್ನು ಒರೆಸಿ ಜೋಡಿಸುವುದರಲ್ಲೇ ಆಯುಸ್ಸು ಕಳೆಯುತ್ತಿದೆ ಎಂದು ನೊಂದವರು ಕೇಳುತ್ತಾರೆ. ನಿವೃತ್ತರಾದ ಮೇಲೆ ಮಣ್ಣಿಗೂ ಆಕಾಶಕ್ಕೂ ಹತ್ತಿರವಾಗಿರಬೇಕೆಂದು ಬಯಸುವವರೂ ಕೇಳುತ್ತಾರೆ. ಪರಿಚಯದವರೊಬ್ಬರ ಜಮೀನಿನ ಮೂಲೆಯಲ್ಲಿ, ಅವರ ಲಿಖಿತ ಒಪ್ಪಿಗೆ ಪಡೆದು, ಊರಿಗೆ ಅರ್ಧ ಗಂಟೆಯ ನಡಿಗೆಯಷ್ಟು ದೂರದಲ್ಲಿ ನಾಲ್ಕು ವರ್ಷಗಳಿಂದ ಡೇರೆಯಲ್ಲೇ ವಾಸಿಸುತ್ತಿರುವ ನಾನು ಅವರಿಗೆಲ್ಲ ಸಾಧ್ಯವೆಂದೇ ಉತ್ತರಿಸುತ್ತೇನೆ. ಆದರೆ ಈ ಬದುಕಿನ ಬಗ್ಗೆ ಆಡುವ ಮಾತುಗಳಲ್ಲಿ ಅತಿ ಮುಖ್ಯವಾದ ಸಂಗತಿಗಳೇ ಬಿಟ್ಟುಹೋಗುತ್ತಿವೆ. ಹೀಗಾದರೆ ಉತ್ಸಾಹದಿಂದ ಹೊರಟವರು ಮೊದಲ ಮಳೆಗಾಲದಲ್ಲೇ ಕಾಯಿಲೆ ಬಿದ್ದು ಹಿಂದಿರುಗುತ್ತಾರೆ, ಕೆಲವರ ಪ್ರಾಣಕ್ಕೇ ಅಪಾಯ ಬರಬಹುದು ಎಂಬ ಆತಂಕ ನನ್ನಿಂದ ಈ ಪತ್ರವನ್ನು ಬರೆಸುತ್ತಿದೆ. ಸ್ವಲ್ಪ ದೀರ್ಘವಾಗಿದ್ದರೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಡೇರೆಯ ಬದುಕೆಂದರೆ ಕೆಲಸವಿಲ್ಲದ ಬದುಕು ಎಂಬ ಭಾವನೆ ಮೊದಲು ಹೋಗಬೇಕು. ನೀರನ್ನು ಹೊರಗಿಡುವುದು, ನೆಲದ ಶೀತವನ್ನು ತಡೆಯುವುದು, ಒಲೆಯ ಹೊಗೆಯನ್ನು ಸಾಗಹಾಕುವುದು, ಕೊಳಚೆಯನ್ನು ಕಣ್ಣಿಗೆ ಕಾಣದಂತೆ ಒಯ್ಯುವುದು, ಇವೆಲ್ಲವನ್ನೂ ಗೋಡೆ ಮಾಡಿನ ಮನೆ ನಮಗಾಗಿ ಸದ್ದಿಲ್ಲದೆ ಮಾಡುತ್ತಿರುತ್ತದೆ. ಡೇರೆಯಲ್ಲಿರುವವರು ಇವನ್ನೆಲ್ಲ ಪ್ರತಿದಿನ ತಮ್ಮ ಕೈಯಾರೆ ಮಾಡಿಕೊಳ್ಳಬೇಕು. ಇಲ್ಲಿ ವಸ್ತುಗಳು ಕಡಿಮೆಯಾಗುತ್ತವೆ, ದುಡಿಮೆ ಹೆಚ್ಚುತ್ತದೆ. ಆ ದುಡಿಮೆಯನ್ನು ಒಪ್ಪಿಕೊಂಡವರಿಗೆ ಇದಕ್ಕಿಂತ ನೆಮ್ಮದಿಯ ಬದುಕು ಇನ್ನೊಂದಿಲ್ಲ ಎಂದು ಮನಸಾರೆ ನಂಬಿರುವುದರಿಂದಲೇ ನಾನು ಅದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ.

ಹೊಸಬರು ಚಳಿಗೆ ಹೆದರುತ್ತಾರೆ, ಹಾವು ಚೇಳಿಗೆ ಹೆದರುತ್ತಾರೆ, ರಾತ್ರಿಯ ಒಂಟಿತನಕ್ಕೆ ಹೆದರುತ್ತಾರೆ. ತೇವಕ್ಕೆ ಹೆದರಿ ನನ್ನ ಬಳಿ ಬಂದವರು ಇದುವರೆಗೆ ಒಬ್ಬರೂ ಇಲ್ಲ. ನಾನೂ ಹೆದರಿರಲಿಲ್ಲ. ಮೊದಲ ಚಳಿಗಾಲದ ಒಂದು ಬೆಳಗಿನ ಜಾವ, ಹೊರಗೆ ಒಂದು ಹನಿಯೂ ಮಳೆಯಿಲ್ಲದಿದ್ದಾಗ, ಹಣೆಯ ಮೇಲೆ ತಣ್ಣನೆಯ ತೊಟ್ಟೊಂದು ಬಿದ್ದು ಎಚ್ಚರವಾಯಿತು. ದೀಪ ಹಚ್ಚಿ ನೋಡಿದರೆ ಡೇರೆಯ ಒಳಮೈ ತುಂಬ ಸಾಸಿವೆ ಕಾಳಿನಷ್ಟು ಹನಿಗಳು ಒತ್ತೊತ್ತಾಗಿ ಕೂತಿದ್ದವು. ಬಟ್ಟೆಗೆ ಬೆರಳು ತಾಕಿದ್ದೇ ತಡ, ಅಕ್ಕಪಕ್ಕದ ಹನಿಗಳೆಲ್ಲ ಕೂಡಿಕೊಂಡು ಗೆರೆಯಾಗಿ ಇಳಿದು ಅಂಗೈ ದಾಟಿ ಮೊಳಕೈವರೆಗೆ ಹರಿದವು. ಬೆಳಕಾದ ಮೇಲೆ ಹಾಸಿಗೆ ಸುತ್ತಲು ಚಾಪೆ ಎತ್ತಿದಾಗ ಅದರ ಅಡಿಯಲ್ಲಿ ನನ್ನ ಭುಜ, ಸೊಂಟ, ಹಿಮ್ಮಡಿಗಳ ಗುರುತು ಕಪ್ಪಗೆ ಒದ್ದೆಯಾಗಿ ಮೂಡಿತ್ತು, ಯಾರೋ ಮಲಗಿದ್ದವರ ನೆರಳನ್ನು ನೆಲಕ್ಕೆ ಒತ್ತಿದಂತೆ. ಡೇರೆ ಸೋರುತ್ತಿದೆ ಎಂದು ತಿಳಿದು ಅಂದೇ ಹೊಲಿಗೆಗಳಿಗೆಲ್ಲ ಅಂಟು ಹಚ್ಚಿದೆ, ರಾತ್ರಿ ಗಾಳಿಗಂಡಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಮಲಗಿದೆ. ಮರುದಿನ ಒದ್ದೆ ಇಮ್ಮಡಿಯಾಗಿತ್ತು.

ಆ ನೀರು ಹೊರಗಿನಿಂದ ಬಂದದ್ದೇ ಅಲ್ಲ. ಸುಮ್ಮನೆ ಮಲಗಿರುವ ಮನುಷ್ಯನೊಬ್ಬನ ಉಸಿರಿನಿಂದಲೂ ಚರ್ಮದಿಂದಲೂ, ಬೆವರೆಂದು ಗೊತ್ತಾಗದ ಹಾಗೆ, ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಇಬ್ಬರು ಮಲಗಿದರೆ ಅರ್ಧ ಲೀಟರ್. ಒದ್ದೆ ಬಟ್ಟೆಯನ್ನು ಒಳಗೆ ಹರವಿದರೆ, ಒಳಗೇ ನೀರು ಕಾಯಿಸಿದರೆ ಲೆಕ್ಕ ಇನ್ನೂ ಏರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳಲ್ಲಿ ಡೇರೆಯ ಬಟ್ಟೆ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಹೊರಮೈಯಲ್ಲಿ ಇಬ್ಬನಿ ಕೂರುವ ಹಾಗೆಯೇ ಒಳಮೈಯಲ್ಲಿ ನಮ್ಮ ಉಸಿರು ಹನಿಗಟ್ಟುತ್ತದೆ. ಗಂಡಿಗಳನ್ನು ಮುಚ್ಚಿದಷ್ಟೂ ಬೆಚ್ಚಗಾಗುತ್ತದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕೆಳಗೊಂದು ಕಡೆ ಗಾಳಿ ಬರಲು, ಮೇಲೊಂದು ಕಡೆ ಹೋಗಲು ದಾರಿಯಿದ್ದರೆ ಆವಿ ಹೊರಟುಹೋಗುತ್ತದೆ. ಒಳಗೆ ಒಂದೆರಡು ಡಿಗ್ರಿ ಚಳಿ ಹೆಚ್ಚಾದರೂ ಹೊದಿಕೆ ಒಣಗಿರುತ್ತದೆ, ಒಣಗಿದ ಹೊದಿಕೆಯಡಿ ಆ ಚಳಿ ಲೆಕ್ಕಕ್ಕಿಲ್ಲ. ಎರಡು ಪದರದ ಡೇರೆಗಳಲ್ಲಿ ಗಾಳಿಯಾಡುವ ಒಳಬಟ್ಟೆಗೂ ನೀರು ತಡೆಯುವ ಹೊರಬಟ್ಟೆಗೂ ನಡುವೆ ಒಂದು ಗೇಣು ಜಾಗ ಬಿಟ್ಟಿರುವುದು ಇದಕ್ಕಾಗಿಯೇ. ಹಗ್ಗ ಸಡಿಲಾಗಿ ಆ ಎರಡು ಪದರಗಳು ಒಂದಕ್ಕೊಂದು ಅಂಟಿಕೊಂಡರೆ ಕೊಟ್ಟ ಹಣವೆಲ್ಲ ವ್ಯರ್ಥ.

ಒಂದು ವಾರದ ಪ್ರವಾಸಕ್ಕೂ ವರ್ಷವಿಡೀ ವಾಸಕ್ಕೂ ಇರುವ ವ್ಯತ್ಯಾಸ ಕಾಣಿಸುವುದು ಈ ತೇವದಲ್ಲಿಯೇ. ಪ್ರವಾಸಿಗರು ಒದ್ದೆಯಾದದ್ದನ್ನೆಲ್ಲ ಮನೆಗೆ ಕೊಂಡೊಯ್ದು ಒಣಗಿಸುತ್ತಾರೆ. ಡೇರೆಯೇ ಮನೆಯಾದವರಿಗೆ ಹಿಂದಿರುಗಲು ಬೇರೆ ಜಾಗವಿಲ್ಲ. ಇಂದು ಒಣಗದೆ ಉಳಿದ ತೇವಕ್ಕೆ ನಾಳೆಯದು ಸೇರುತ್ತದೆ, ನಾಲ್ಕನೆಯ ದಿನ ಮುಗ್ಗಲು ವಾಸನೆ ಹೊಡೆಯುತ್ತದೆ, ಹತ್ತನೆಯ ದಿನ ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕೆಗಳು ಏಳುತ್ತವೆ. ಆ ಬೂಷ್ಟಿನ ಗಾಳಿಯನ್ನು ತಿಂಗಳುಗಟ್ಟಲೆ ಉಸಿರಾಡಿದವರಿಗೆ ಕೆಮ್ಮು ದಮ್ಮು ಬಾರದಿದ್ದರೆ ಅದು ಅವರ ಅದೃಷ್ಟ. ಆದ್ದರಿಂದ ನನ್ನ ದಿನದ ಮೊದಲ ಕೆಲಸ ಒಣಬಟ್ಟೆಯಿಂದ ಡೇರೆಯ ಒಳಮೈಯನ್ನು ಮೇಲಿನಿಂದ ಕೆಳಕ್ಕೆ ಒರೆಸಿ ಹಿಂಡುವುದು, ಎರಡನೆಯದು ಚಾಪೆಯನ್ನು ತಿರುಗಿಸಿ ನಿಲ್ಲಿಸುವುದು, ಮೂರನೆಯದು ಬಿಸಿಲು ಬಿದ್ದ ಕೂಡಲೇ ಹೊದಿಕೆಯನ್ನು ಹಗ್ಗಕ್ಕೆ ಹಾಕುವುದು. ಬಿಸಿಲಿಲ್ಲದ ದಿನ ಗಾಳಿಗಾದರೂ ಹಾಕುತ್ತೇನೆ. ಎಷ್ಟೇ ಜ್ವರವಿರಲಿ, ಬೇಸರವಿರಲಿ, ಈ ಮೂರನ್ನು ಬಿಡುವಂತಿಲ್ಲ. ಮಲಗುವಾಗ ಮಾತ್ರ ಉಡುವ ಒಂದು ಜೊತೆ ಬಟ್ಟೆಯನ್ನು ನೀರು ತೂರದ ಚೀಲದಲ್ಲಿ ಕಟ್ಟಿಟ್ಟಿರುತ್ತೇನೆ. ಹಗಲು ಎಷ್ಟೇ ನೆನೆದಿರಲಿ, ಎಷ್ಟೇ ಚಳಿಯಿರಲಿ, ಆ ಜೊತೆಯನ್ನು ಹಗಲಿಗೆ ತೊಡುವುದಿಲ್ಲ.

ಯಾವ ಬಟ್ಟೆಯ ಡೇರೆ ಒಳ್ಳೆಯದು ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರವಿಲ್ಲ. ಹತ್ತಿಯ ಕ್ಯಾನ್ವಾಸ್ ಉಸಿರಾಡುತ್ತದೆ, ಮಳೆ ಬಿದ್ದಾಗ ಅದರ ನೂಲು ಉಬ್ಬಿ ನೆಯ್ಗೆಯ ಸಂದುಗಳನ್ನು ತಾನೇ ಮುಚ್ಚುತ್ತದೆ, ಒಳಗೆ ಹನಿಗಟ್ಟುವುದು ಕಡಿಮೆ. ಆದರೆ ಭಾರ, ಒಣಗಲು ನಿಧಾನ, ಬೂಷ್ಟಿಗೆ ಬೇಗ ತುತ್ತು. ನೈಲಾನ್ ಹಗುರ, ಗಟ್ಟಿ; ಆದರೆ ನೆನೆದಾಗ ಜೋಲುತ್ತದೆ, ಬಿಸಿಲಿನ ನೇರಳಾತೀತ ಕಿರಣಗಳಿಗೆ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ಈ ಎರಡರಲ್ಲೂ ಅದಕ್ಕಿಂತ ಮೇಲು. ನೀರು ತಡೆಯುವ ಶಕ್ತಿಯನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ. 1500 ಮಿಲಿಮೀಟರ್ ತಡೆದರೆ ಮೇಲ್ಹೊದಿಕೆಗೆ ಸಾಮಾನ್ಯವಾಗಿ ಸಾಕೆನ್ನುತ್ತಾರೆ, ಆದರೆ ಮೊಣಕಾಲೂರಿದಾಗ ನೆಲದ ಬಟ್ಟೆಯ ಮೇಲೆ ಬೀಳುವ ಒತ್ತಡ ಬಹಳ ಹೆಚ್ಚಾದ್ದರಿಂದ ಅಡಿಭಾಗಕ್ಕೆ ಅದರ ಎರಡು ಪಟ್ಟಾದರೂ ಬೇಕು. ಈ ಬಟ್ಟೆಗಳಿಗೆ ಬಳಿದಿರುವ ಪಾಲಿಯುರೆಥೇನ್ ಲೇಪವೂ ತೇವದಲ್ಲಿ ಮಡಿಚಿಟ್ಟರೆ ಕಾಲಕ್ರಮೇಣ ಅಂಟಂಟಾಗಿ ನಾರುತ್ತದೆ, ಕೊನೆಗೆ ಚಕ್ಕೆಚಕ್ಕೆಯಾಗಿ ಕಳಚುತ್ತದೆ. ಅಂಗಡಿಯಲ್ಲಿ ಹೊಸದಾಗಿ ಹೊಳೆಯುವ ಡೇರೆ ಎಷ್ಟು ವರ್ಷ ಬಾಳುತ್ತದೆಂಬುದು ಅದನ್ನು ಒಣಗಿಸುವವರ ಕೈಯಲ್ಲಿದೆ. ಬಟ್ಟೆ ಯಾವುದೇ ಇರಲಿ, ಡೇರೆಯ ಮೇಲೆ ಒಂದು ಮೊಳ ಎತ್ತರದಲ್ಲಿ ದಪ್ಪನೆಯ ಟಾರ್ಪಾಲನ್ನು ಇಳಿಜಾರಾಗಿ ಬಿಗಿದು ಕಟ್ಟುವುದಕ್ಕಿಂತ ಹೆಚ್ಚಿನ ಉಪಕಾರವನ್ನು ಅದಕ್ಕೆ ಮಾಡಲು ಸಾಧ್ಯವಿಲ್ಲ. ಅದು ಮಳೆಯ ಹೊಡೆತವನ್ನು ತಾನು ತಿನ್ನುತ್ತದೆ, ಬಿಸಿಲನ್ನು ತಡೆಯುತ್ತದೆ, ಇಬ್ಬನಿಯನ್ನು ತನ್ನ ಬೆನ್ನಿನ ಮೇಲೆ ಇಳಿಸಿಕೊಳ್ಳುತ್ತದೆ, ಅದರಡಿಯಲ್ಲಿ ನಿಂತು ಒದ್ದೆ ಬಟ್ಟೆ ಕಳಚಿ ಒಳಗೆ ಹೋಗಬಹುದು. ಬೇಸಿಗೆಯಲ್ಲಿ ಬರಿ ಬಿಸಿಲಿಗೆ ನಿಂತ ಡೇರೆಯೊಳಗೆ ಹಗಲು ಇರಲು ಆಗುವುದೇ ಇಲ್ಲ; ಆಗಲೂ ಈ ಟಾರ್ಪಾಲು ಮತ್ತು ಮಧ್ಯಾಹ್ನದ ಮರದ ನೆರಳು ಎರಡೇ ಆಸರೆ.

ನೆಲದ ವಿಷಯಕ್ಕೆ ಬರುತ್ತೇನೆ. ಮಲಗಿದ ಮೈಯ ಶಾಖವನ್ನು ಮೇಲಿನ ಗಾಳಿಗಿಂತ ಕೆಳಗಿನ ನೆಲ ಹೆಚ್ಚು ಕಸಿಯುತ್ತದೆ. ದಪ್ಪ ಹೊದಿಕೆ ಕೊಂಡು ತೆಳು ಚಾಪೆಯ ಮೇಲೆ ಮಲಗಿ ರಾತ್ರಿಯಿಡೀ ನಡುಗಿದವರನ್ನು ನಾನು ಕಂಡಿದ್ದೇನೆ. ಬೆನ್ನಡಿಯಲ್ಲಿ ಹೊದಿಕೆ ಅಪ್ಪಚ್ಚಿಯಾಗಿ ಅದರೊಳಗಿನ ಗಾಳಿಯೇ ಹೊರಟುಹೋಗಿರುತ್ತದೆ. ಮಲಗುವ ಚಾಪೆಗಳ ಶಾಖನಿರೋಧವನ್ನು ಆರ್ ಮೌಲ್ಯ ಎಂಬ ಅಳತೆಯಲ್ಲಿ ನಮೂದಿಸಿರುತ್ತಾರೆ. ಸಾಧಾರಣ ಫೋಮ್ ಚಾಪೆಯದು ಸುಮಾರು 2, ಕೊರೆಯುವ ಚಳಿಗೆ 4 ಅಥವಾ 5 ಬೇಕು, ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡಿಕೊಳ್ಳುತ್ತವೆ. ಹೀಗಾಗಿ ದುಬಾರಿಯಾದ ಒಂದರ ಬದಲು ಅಗ್ಗದ ಎರಡು ಚಾಪೆಗಳಿಂದಲೇ ಕೆಲಸ ನಡೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ ಎಂಬುದನ್ನು ನೆನೆದರೆ, ಚಳಿಯ ಮಾತು ಕೂಡ ಕೊನೆಗೆ ತೇವಕ್ಕೇ ಬಂದು ನಿಲ್ಲುತ್ತದೆ. ನೆಲದಿಂದ ಒಂದು ಗೇಣಾದರೂ ಎತ್ತರಿಸಿದ ಹಲಗೆಯ ಜಗಲಿ ಮಾಡಿಕೊಂಡ ಮೇಲೆ ನನ್ನ ಚಾಪೆಯ ಅಡಿಯಲ್ಲಿ ಆ ಕಪ್ಪು ಗುರುತು ಮತ್ತೆ ಮೂಡಿಲ್ಲ.

ಈಗ ಹೇಳಲಿರುವುದು ಇಡೀ ಪತ್ರದಲ್ಲಿ ಅತ್ಯಂತ ಮುಖ್ಯವಾದ ಮಾತು. ಎರಡನೆಯ ಚಳಿಗಾಲದಲ್ಲಿ, ಮೂರು ದಿನಗಳ ಜಡಿಮಳೆಯ ನಂತರ, ಹೊರಗೆ ಅಡುಗೆ ಮಾಡಿ ಉಳಿದಿದ್ದ ಇದ್ದಿಲ ಕೆಂಡವನ್ನು ಮಡಕೆಯಲ್ಲಿ ಹಾಕಿಕೊಂಡು ಡೇರೆಯೊಳಗೆ ತಂದಿಟ್ಟೆ. ಉರಿಯಿರಲಿಲ್ಲ, ಹೊಗೆಯಿರಲಿಲ್ಲ, ಬೂದಿಯ ಕೆಳಗೆ ಕೆಂಪು ಮಾತ್ರ ಇತ್ತು. ಅಪಾಯವೇನೂ ಇಲ್ಲವೆಂದು ನಂಬಿದೆ. ಸ್ವಲ್ಪ ಹೊತ್ತಿನಲ್ಲೇ ಒಳಗೆ ಹಿತವಾಗಿ ಬೆಚ್ಚಗಾಯಿತು. ಆಮೇಲೆ ಹಣೆಯ ಎರಡೂ ಬದಿ ಬಿಗಿಹಿಡಿದಂತೆ ನೋವು, ಓಕರಿಕೆ, ಕೈಕಾಲು ಭಾರ. ನೆಗಡಿಯಿರಬೇಕೆಂದು ಮಲಗಿಬಿಡಲು ಹೊರಟಿದ್ದೆ. ಮೂತ್ರಕ್ಕೆಂದು ಹೊರಗೆ ಹೋಗಲು ಎದ್ದವನ ಮೊಣಕಾಲು ಮಡಚಿತು, ಬಾಗಿಲ ಜಿಪ್ಪನ್ನು ಹುಡುಕುವುದಕ್ಕೇ ಬೆರಳುಗಳು ಒದ್ದಾಡಿದವು. ಹೊರಗಿನ ಒದ್ದೆ ಹುಲ್ಲಿನ ಮೇಲೆ ಬಹಳ ಹೊತ್ತು ಕೂತ ಮೇಲೆ ತಲೆ ತಿಳಿಯಾಗಿ, ನಾನು ಯಾವುದರಿಂದ ಪಾರಾದೆನೆಂದು ಅರಿವಾಗಿ ಮೈ ನಡುಗಿತು. ಇದ್ದಿಲು, ಸೌದೆ, ಗ್ಯಾಸ್, ಸೀಮೆಎಣ್ಣೆ, ಯಾವುದೇ ಇಂಧನ ಮುಚ್ಚಿದ ಜಾಗದಲ್ಲಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟಬಹುದು. ಆರುತ್ತಿರುವ ಇದ್ದಿಲ ಕೆಂಡದಿಂದಂತೂ ಅದು ಹೇರಳವಾಗಿ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಟ ನಡೆಯುತ್ತಿದ್ದರೂ ಮೈಗೆ ಆಮ್ಲಜನಕ ಸಿಗುವುದಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಗಂಡಿ ತೆರೆದಿಟ್ಟರೆ ಸಾಕು ಎಂಬ ಧೈರ್ಯವೂ ಬೇಡ. ಡೇರೆಯೊಳಗೆ ಒಲೆ, ಕೆಂಡ, ಉರಿಯುವ ದೀಪ ಯಾವುದೂ ಬರಕೂಡದು. ಸಿಂಥೆಟಿಕ್ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಉರಿದು ಮೈಗೆ ಅಂಟುತ್ತದೆ ಎಂಬುದು ಇನ್ನೊಂದು ಕಾರಣ. ಬೆಚ್ಚಗಾಗಬೇಕಾದರೆ ನೀರನ್ನು ಹೊರಗೆ ಕಾಯಿಸಿ ಬಿಗಿಮುಚ್ಚಳದ ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಹೊದಿಕೆಯೊಳಗೆ ಇಟ್ಟುಕೊಳ್ಳಿ, ಬೆಳಗಿನ ಜಾವದವರೆಗೂ ಕಾಲು ಬೆಚ್ಚಗಿರುತ್ತದೆ. ಬ್ಯಾಟರಿಯಿಂದ ನಡೆಯುವ ಅಂಗೈ ಅಗಲದ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ. ಡೇರೆ ಕೊಳ್ಳುವ ಮೊದಲು ಅದನ್ನು ಕೊಳ್ಳಿ.

ಗುಡುಗು ಸಿಡಿಲಿಗೆ ಡೇರೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದರ್ಥ. ಕೂಡಲೇ ಗಟ್ಟಿ ಕಟ್ಟಡಕ್ಕೋ ಲೋಹದ ಮಾಡಿರುವ ವಾಹನಕ್ಕೋ ಸೇರಿಕೊಂಡು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಊರು ಹತ್ತಿರವಿರುವುದರ ಬೆಲೆ ಅಂಥ ರಾತ್ರಿಗಳಲ್ಲಿ ತಿಳಿಯುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದ್ದರಿಂದ ಹಗ್ಗ ಗೂಟಗಳನ್ನು ಸಂಜೆಗೇ ನೋಡಿಟ್ಟುಕೊಳ್ಳಬೇಕು. ಇನ್ನು ಹಳ್ಳದ ಪಕ್ಕದ ಮೆತ್ತನೆಯ ಮಟ್ಟಸ ಜಾಗ ಎಷ್ಟೇ ಕರೆದರೂ ಹೋಗಬಾರದು. ತಣ್ಣನೆಯ ಗಾಳಿ ತಗ್ಗಿಗೇ ಇಳಿದು ನಿಲ್ಲುತ್ತದೆ, ನೀರೂ ಅಲ್ಲಿಗೇ ಬರುತ್ತದೆ, ರಭಸವಾಗಿ ಹರಿಯುವ ಗೇಣುದ್ದದ ನೀರಿಗೇ ನಿಂತ ಮನುಷ್ಯನನ್ನು ಕೆಡಹುವ ಬಲವಿದೆ. ಒಣಗಿದ ಕೊಂಬೆಯಿರುವ ಮರದಡಿಯೂ ಬೇಡ.

ಊರಿನ ಹತ್ತಿರ ಎಂಬ ಮಾತಿಗೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ಡೇರೆಯವರು ಸ್ವಾವಲಂಬಿಗಳೆಂದು ಕೆಲವರು ಹೊಗಳುತ್ತಾರೆ, ಅದು ಪೂರ್ತಿ ನಿಜವಲ್ಲ. ಕುಡಿಯಲು, ಅಡುಗೆಗೆ, ಶುಚಿತ್ವಕ್ಕೆ ಸೇರಿ ತೀರಾ ಸಂಕಟದ ಕಾಲದಲ್ಲೂ ತಲೆಗೆ ದಿನಕ್ಕೆ 15 ಲೀಟರ್ ನೀರು ಬೇಕೆಂದು ನಿರಾಶ್ರಿತರ ಶಿಬಿರಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. 15 ಲೀಟರ್ ಎಂದರೆ 15 ಕಿಲೋ ಭಾರ, ದಿನವೂ ಹೊರಬೇಕು. ಊರಿನ ನಲ್ಲಿ, ಊರಿನ ಸ್ನಾನಗೃಹ, ಊರಿನ ಆಸ್ಪತ್ರೆ, ಊರಿನ ಗ್ರಂಥಾಲಯ ಇಲ್ಲದಿದ್ದರೆ ನನ್ನ ಈ ಬದುಕು ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಊರಿನ ಬಗ್ಗೆ ಕೃತಜ್ಞತೆಯಿದೆ.

ಈ ಋಣದ ಇನ್ನೊಂದು ಮುಖ ಶೌಚ. ಬಯಲಿಗೆ ಹೋಗುವ ಪ್ರವಾಸಿಗರಿಗೆ ಹೇಳಿಕೊಡುವ ನಿಯಮ ಹೀಗಿದೆ: ನೀರಿನ ಸೆಲೆಯಿಂದ 60 ಮೀಟರ್ ದೂರದಲ್ಲಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ಎರಡು ದಿನ ಇದ್ದು ಹೋಗುವವರಿಗೆ ಅದು ಸರಿ. ಒಂದೇ ಜಾಗದಲ್ಲಿ 365 ದಿನ ಇರುವವರು ಅದನ್ನೇ ಪಾಲಿಸಿದರೆ ಸುತ್ತಲಿನ ನೆಲವೆಲ್ಲ ಗುಂಡಿಯಾಗುತ್ತದೆ, ಮೊದಲ ದೊಡ್ಡ ಮಳೆಗೆ ಆ ಹೊಲಸು ಯಾರದೋ ಬಾವಿಗೆ ಇಳಿಯುತ್ತದೆ. ಅಂಥವರಿಗೆ ಊರಿನ ಸಾರ್ವಜನಿಕ ಶೌಚಾಲಯವೋ, ಮರದ ಹೊಟ್ಟು ಹಾಕಿ ಬಕೆಟ್ಟಿನಲ್ಲಿ ಸಂಗ್ರಹಿಸಿ ಪೂರ್ತಿ ಕೊಳೆಸಿ ಗೊಬ್ಬರ ಮಾಡುವ ಒಣ ಶೌಚಾಲಯವೋ ಇರಲೇಬೇಕು. ಇದಕ್ಕೆ ಏರ್ಪಾಡು ಮಾಡಿಕೊಳ್ಳಲಾಗದವರು ವರ್ಷವಿಡೀ ಡೇರೆಯಲ್ಲಿರುವ ಆಸೆಯನ್ನು ಕೈಬಿಡುವುದೇ ಒಳ್ಳೆಯದೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಪಾತ್ರೆ ತೊಳೆದ ನೀರು, ಎಂಜಲು, ಪ್ಲಾಸ್ಟಿಕ್ ಚೂರು ಎಲ್ಲಕ್ಕೂ ಇದೇ ಮಾತು. ಎಂಜಲಿಗೆ ಇಲಿ ಬರುತ್ತದೆ, ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಹರಡುತ್ತದೆ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಅದು ತಗಲುವುದು ಸುಲಭ. ಹುಲ್ಲಿನ ಬಗ್ಗೆಯೂ ಒಂದು ಮಾತು: ಡೇರೆಯಡಿಯ ಹುಲ್ಲು ಕೆಲವೇ ದಿನಗಳಲ್ಲಿ ಬಿಳಿಚಿ ಸಾಯುತ್ತದೆ. ಎತ್ತರಿಸಿದ ಜಗಲಿಯನ್ನು ಕೆಲವು ತಿಂಗಳಿಗೊಮ್ಮೆ ಪಕ್ಕಕ್ಕೆ ಸರಿಸಿದರೆ ಹಳೆಯ ಜಾಗದಲ್ಲಿ ಮತ್ತೆ ಹಸಿರು ಮೂಡುತ್ತದೆ. ನಾನು ಬಿಟ್ಟುಬಂದ ಮೊದಲ ಚೌಕದಲ್ಲಿ ಈಗ ಸುತ್ತಲಿನದಕ್ಕಿಂತ ಎತ್ತರದ ಹುಲ್ಲಿದೆ.

ಕಾನೂನಿನ ವಿಷಯದಲ್ಲಿ ಭ್ರಮೆ ಬೇಡ. ಬಯಲಿನಲ್ಲಿ ಡೇರೆ ಹೂಡುವ ಹಕ್ಕನ್ನು ಉದಾರವಾಗಿ ಕೊಟ್ಟಿರುವ ದೇಶಗಳಲ್ಲಿ ನಾರ್ವೆ ಪ್ರಮುಖವಾದದ್ದು. ಅಲ್ಲಿನ 1957ರ ಕಾಯ್ದೆ ಕೂಡ ವಾಸದ ಮನೆಗಳಿಂದ 150 ಮೀಟರ್ ದೂರವಿರಬೇಕು, ಎರಡು ದಿನಗಳಿಗಿಂತ ಹೆಚ್ಚು ಒಂದೇ ಕಡೆ ಇರಲು ಜಮೀನಿನವರ ಒಪ್ಪಿಗೆ ಬೇಕು ಎನ್ನುತ್ತದೆ. ಜನವಸತಿಯಿಂದ ಬಹುದೂರದ ಜಾಗಗಳಿಗೆ ಮಾತ್ರ ವಿನಾಯಿತಿ. ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್ ತಿಂಗಳಲ್ಲಿ, ಸಾರ್ವಜನಿಕ ಜಾಗದಲ್ಲಿ ಹಾಸಿಗೆ ಹಾಸಿ ಮಲಗುವವರಿಗೆ ದಂಡ ವಿಧಿಸುವ ನಗರ ನಿಯಮಗಳು ಆ ದೇಶದ ಸಂವಿಧಾನ ನಿಷೇಧಿಸಿರುವ ಕ್ರೂರ ಶಿಕ್ಷೆಯಾಗುವುದಿಲ್ಲ ಎಂದು ತೀರ್ಪಿತ್ತಿತು, ಮಲಗಲು ಬೇರೆ ಆಸರೆಯೇ ಇಲ್ಲದವರ ವಿಷಯದಲ್ಲಿ ಕೂಡ. ಆ ತೀರ್ಪನ್ನು ಓದಿದ ದಿನ ನನಗೆ ಬಹಳ ದುಃಖವಾಯಿತು. ನಾನು ಡೇರೆಯನ್ನು ಆರಿಸಿಕೊಂಡವನು; ಬೇಡವಾದರೆ ನಾಳೆ ಒಂದು ಕೋಣೆ ಹಿಡಿಯಬಲ್ಲೆ. ಡೇರೆಯೊಂದೇ ಗತಿಯಾದವರ ಬದುಕಿಗೆ ಸರಳ ಜೀವನವೆಂಬ ಹೆಸರಿಟ್ಟು ಸಮಾಧಾನಪಡುವುದು ಅನ್ಯಾಯ. ನನ್ನಂಥವರನ್ನು ತೋರಿಸಿ, ಇವರು ಇರಬಲ್ಲರಾದರೆ ಅವರೇಕೆ ಇರಬಾರದು ಎಂದು ಯಾರೂ ವಾದಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಒಣಗಿದ ಬಟ್ಟೆಯ ಒಂದು ಜೊತೆ, ಬೀಗ ಹಾಕಿದ ಪೆಟ್ಟಿಗೆ, ಎಬ್ಬಿಸಿ ಓಡಿಸುವವರಿಲ್ಲದ ರಾತ್ರಿ, ಇವು ನನಗೆ ಇವೆ, ಅವರಿಗೆ ಇಲ್ಲ.

ಇಷ್ಟೆಲ್ಲ ಕಷ್ಟಗಳಿದ್ದೂ ನಾನು ಇಲ್ಲೇ ಏಕೆ ಉಳಿದಿದ್ದೇನೆಂದು ಓದುಗರು ಕೇಳಬಹುದು. ಮೊದಲು ಬಂದ ಲಾಭ ನಿದ್ದೆ. ಕೊಲರಾಡೊ ವಿಶ್ವವಿದ್ಯಾಲಯದ ವಿಜ್ಞಾನಿ ಕೆನೆತ್ ರೈಟ್ ಮತ್ತು ಅವರ ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8 ಜನ ಒಂದು ವಾರ ವಿದ್ಯುದ್ದೀಪವಿಲ್ಲದೆ ಡೇರೆಗಳಲ್ಲಿದ್ದರು. ಅಷ್ಟರಲ್ಲೇ ಅವರ ದೇಹದ ಒಳಗಡಿಯಾರ ಸುಮಾರು ಎರಡು ಗಂಟೆ ಬೇಗನೆಯ ವೇಳೆಗೆ ಸರಿದು ಸೂರ್ಯಾಸ್ತ ಸೂರ್ಯೋದಯಗಳಿಗೆ ಹೊಂದಿಕೊಂಡಿತು. ನನ್ನ ಮೈಗೂ ಹಾಗೆಯೇ ಆಯಿತು. ಹದಿನೈದು ವರ್ಷ ಗುಳಿಗೆಯಿಂದ ಬಂದ ನಿದ್ದೆ ಈಗ ಕತ್ತಲಿನಿಂದ ಬರುತ್ತದೆ. ಎರಡನೆಯದು, ಗಮನ. ಗಾಳಿ ಯಾವ ದಿಕ್ಕಿಗೆ ತಿರುಗಿತು, ಮಣ್ಣಿನ ವಾಸನೆ ಎಂದಿಗಿಂತ ಗಾಢವಾಗಿದೆಯೇ, ಇರುವೆಗಳು ಮೊಟ್ಟೆ ಹೊತ್ತು ಎತ್ತ ಹೊರಟಿವೆ ಎಂದು ನೋಡದೆ ನನ್ನ ದಿನ ಮುಂದೆ ಸಾಗುವುದೇ ಇಲ್ಲ. ನನ್ನ ಬಳಿ ಇರುವ ಪ್ರತಿಯೊಂದು ವಸ್ತುವೂ ಈ ಗಳಿಗೆಯಲ್ಲಿ ಎಲ್ಲಿದೆ, ಒಣಗಿದೆಯೇ ಒದ್ದೆಯೇ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮನೆಯಲ್ಲಿದ್ದಾಗ ನನ್ನದೇ ಕಪಾಟಿನಲ್ಲಿ ಏನಿದೆಯೆಂದು ನನಗೆ ತಿಳಿದಿರಲಿಲ್ಲ.

ಸ್ಥಳೀಯ ಆಡಳಿತಗಳ ಮುಂದೆ ನನ್ನ ಬೇಡಿಕೆ ಚಿಕ್ಕದು. ಓಡಿಸುವುದು ಅಥವಾ ಕಂಡೂ ಕಾಣದಂತಿರುವುದು ಎಂಬ ಎರಡೇ ದಾರಿಗಳ ಬದಲು ಮೂರನೆಯದೊಂದನ್ನು ತೆರೆಯಿರಿ. ಊರಂಚಿನಲ್ಲಿ ನೀರು ನಿಲ್ಲದ ಎತ್ತರದ ಒಂದಿಷ್ಟು ನೆಲ, ಒಂದು ನಲ್ಲಿ, ಎರಡು ಶೌಚಾಲಯ, ಕಸದ ತೊಟ್ಟಿ, ಸಿಡಿಲಿನ ಹೊತ್ತಿಗೆ ಸೇರಿಕೊಳ್ಳಲು ಒಂದು ಗಟ್ಟಿ ಮಾಡಿನ ಕೋಣೆ, ಯಾರು ಎಷ್ಟು ದಿನ ಇರಬಹುದೆಂಬ ಬರಹದ ನಿಯಮ, ಇಷ್ಟಿದ್ದರೆ ಆರಿಸಿಕೊಂಡು ಬಂದವರಿಗೂ ಅನಿವಾರ್ಯವಾಗಿ ಬಂದವರಿಗೂ ಮರ್ಯಾದೆಯಿಂದ ಇರಲು ಆಗುತ್ತದೆ, ನೆರೆಹೊರೆಯವರ ಬಾವಿಯೂ ಶುದ್ಧವಾಗಿರುತ್ತದೆ. ಖಾಸಗಿ ಜಮೀನಿನವರು ಬಾಯಿಮಾತಿಗೆ ಬದಲಾಗಿ ಅರ್ಧ ಪುಟದ ಒಪ್ಪಂದವನ್ನು ಬರೆದುಕೊಡಲಿ. ನನ್ನ ಮತ್ತು ನನ್ನ ಜಮೀನಿನವರ ನಡುವಿನ ಹಾಳೆಯಲ್ಲಿ ಡೇರೆಯ ಜಾಗ, ಬೆಂಕಿ ಹಚ್ಚುವ ಜಾಗ, ಶೌಚದ ಏರ್ಪಾಡು, ಬಿಡಬೇಕಾದಾಗ ಕೊಡುವ ಒಂದು ತಿಂಗಳ ಗಡುವು ಇಷ್ಟೇ ಇವೆ. ನಾಲ್ಕು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಬಿರುಸಿನ ಮಾತೂ ಬಂದಿಲ್ಲ.

ಮನೆ ಬಿಟ್ಟು ಡೇರೆಗೆ ಹೊರಡಲು ಈಗಾಗಲೇ ನಿರ್ಧರಿಸಿರುವವರು ಮನೆಯ ಬೀಗದ ಕೈಯನ್ನು ಹಿಂದಿರುಗಿಸುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಲಿ. ಪರಿಚಯದವರ ಹಿತ್ತಲಿನಲ್ಲಿ, ಬಾಗಿಲು ತಟ್ಟಿದರೆ ಕೇಳುವಷ್ಟು ದೂರದಲ್ಲಿ ಡೇರೆ ಹೂಡಿ, ವರ್ಷದ ಅತಿ ಹೆಚ್ಚು ಮಳೆಯ ಒಂದು ಇಡೀ ತಿಂಗಳು ಅದರಲ್ಲೇ ಮಲಗಲಿ, ಒಳಗೆ ಕಿಡಿ ಬೆಂಕಿಯನ್ನೂ ತರದೆ. ತಿಂಗಳ ಕೊನೆಯ ಬೆಳಗ್ಗೆ ಚಾಪೆಯನ್ನು ಎತ್ತಿ ಅದರ ಅಡಿಗೆ ಅಂಗೈ ಇಟ್ಟು ನೋಡಲಿ. ಒಣಗಿದ್ದರೆ ಹೊರಡಬಹುದು.

ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗ